ಎರವಲು ತಂದ ಹಾವಸೆ

ಎಲ್ಲರೂ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಪಿರಿಹಿರಾ ಹಾಲು ತೆಗೆಯಲೆಂದು ಫ್ರಿಜ್ಜಿನ ಬಾಗಿಲು ತೆರೆದಳು. ಗಂಡ ತೂರೋವಾನನ್ನು ಮಣ್ಣು ಮಾಡಿ ಒಂದು ಹಗಲು ಒಂದು ರಾತ್ರಿ ಕಳೆದಿತ್ತು. ಮೂರು ದಿನ ಊರವರೆಲ್ಲ ಸೇರುವ ದೊಡ್ಡಮನೆಯಲ್ಲಿ ಅವನ ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಬಂದವರು ಅತ್ತರು, ಹಾಡಿದರು, ಬಿಟ್ಟು ಹೋದದ್ದಕ್ಕೆ ಅವನನ್ನು ಬೈದರು, ನಕ್ಕರು, ಉಂಡರು. ಈಗ ಮನೆಯಲ್ಲಿ ಕೆಟಲ್ ಕುದಿಯುವ ಸದ್ದೊಂದೇ ಕೇಳುತ್ತಿತ್ತು.

ನಡುವಿನ ಹಲಗೆಯ ಮೇಲೆ ಐಸ್‌ಕ್ರೀಮಿನ ಎರಡು ಲೀಟರ್ ಡಬ್ಬಿ ಇತ್ತು. ಮುಚ್ಚಳದ ಮೇಲೆ ತೂರೋವಾನ ಅಕ್ಷರ: 'ತಿನ್ನಬೇಡಿ. ಜೀವ ಇದೆ.' ಇವತ್ತು ಅದನ್ನು ಒಯ್ಯಬೇಕು ಎಂಬುದು ನೆನಪಿತ್ತು. ಎರಡೂ ಕೈ ಚಾಚಿ ಎತ್ತಿಕೊಂಡಳು.

ಡಬ್ಬಿ ಭಾರವಾಗಿತ್ತು.

ಅದು ಭಾರವಾಗಿರಕೂಡದು. ಒಂದು ಹಿಡಿ ಹಾವಸೆಗೆ ತೂಕವೇ ಇರುವುದಿಲ್ಲ. ಮುಚ್ಚಳ ತೆಗೆದಳು. ಒಳಗೆ ಹಂದಿಮಾಂಸದ ಮೂಳೆ, ಬೇಯಿಸಿದ ಪೂಹಾ ಸೊಪ್ಪು, ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬು.

ಪಿರಿಹಿರಾ ಬಾಗಿಲು ತೆರೆದಿಟ್ಟೇ ನೆಲದ ಮೇಲೆ ಕೂತಳು. ಗೋಡೆಯ ಗಡಿಯಾರ ಏಳೂವರೆ ತೋರಿಸುತ್ತಿತ್ತು. ಹನ್ನೊಂದಕ್ಕೆ ಪಾರಾತೆನೆ, ಊರೆಲ್ಲ ಕೊರೊ, ಅಂದರೆ ಅಜ್ಜ, ಎಂದು ಕರೆಯುವ ಹಿರಿಯ, ಬರುವವನಿದ್ದ.

ಆ ಡಬ್ಬಿಯಲ್ಲಿ ಇರಬೇಕಾಗಿದ್ದದ್ದು ಎರವಲು. ಹೊಳೆ ದಂಡೆಯ ಕೆಳಗೆ, ಹಿಂದಿನ ಕಾಲದವರ ಮೂಳೆಗಳಿರುವ ಗುಹೆಯ ಹತ್ತಿರ, ಒಂದು ಹಳೆಯ ರಿಮು ಮರ ಬಿದ್ದಿದೆ. ಆ ದಿಮ್ಮಿಯ ಮೇಲೆ ಅದು ಬೆಳೆಯುತ್ತದೆ. ಹಾವಸೆಗಳಲ್ಲೇ ಇಷ್ಟು ದೊಡ್ಡ ಎಲೆಯದು ಬೇರೆ ಕಡಿಮೆ. ಮೀನಿನ ಬೆನ್ನುಮೂಳೆಯ ಹಾಗೆ ಎರಡು ಸಾಲು ಎಲೆ, ಪ್ರತಿ ಎಲೆಯೂ ಮಡಿಚಿಕೊಂಡು ಮಡಿಕೆಯ ಬೆನ್ನಿಗೆ ಒಂದು ಸಣ್ಣ ರೆಕ್ಕೆ. ನಿಜವಾದ ಬೇರಿಲ್ಲ, ಮೈಯೆಲ್ಲ ನೀರು ಕುಡಿಯುತ್ತದೆ. ಅದರ ಬಳಗ ಇರುವುದೇ ಭೂಮಿಯ ತೆಂಕಣ ತುದಿಗಳಲ್ಲಿ: ಇಲ್ಲಿ, ಟಾಸ್ಮೇನಿಯಾದಲ್ಲಿ, ಚಿಲಿಯ ಕಾಲಬೆರಳಿನಲ್ಲಿ, ಉತ್ತರಕ್ಕೆ ಹೋದರೆ ಮೋಡ ಬಿಟ್ಟಗಲದ ಬೆಟ್ಟಗಳ ನೆತ್ತಿಯಲ್ಲಿ ಮಾತ್ರ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೊಳೆಯ ಈಚೆ ದಂಡೆಯಲ್ಲಿ ಇರುವುದೆಲ್ಲ ಹೆಣ್ಣು. ಗಂಡಿನಿಂದ ಹೊರಟದ್ದು ಮಳೆನೀರಿನ ಪೊರೆಯ ಮೇಲೆ ಈಜಿ ಒಂದು ಗೇಣು ಹೋದರೆ ಹೆಚ್ಚು. ಹೊಳೆ ದಾಟುವ ಮಾತೇ ಇಲ್ಲ. ತೂರೋವಾ ಏಳು ವರ್ಷದಿಂದ ಗಂಡನ್ನು ಹುಡುಕುತ್ತಿದ್ದ. ಆಚೆ ದಂಡೆಯಲ್ಲಿ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಬೇಕು ಎಂದು ಕೊರೊನನ್ನು ಒಂದು ಹಿಡಿ ಬೇಡಿದ್ದ.

ಆ ಜಾಗ ತಪು, ಸತ್ತವರಿಗೆ ಮೀಸಲಾಗಿ ಮುಟ್ಟಬಾರದ್ದು. ಅಲ್ಲಿಂದ ಒಂದು ಕಲ್ಲನ್ನೂ ತರುವಂತಿಲ್ಲ. ಕೊರೊ ಆರು ತಿಂಗಳು ಯೋಚಿಸಿ ಒಪ್ಪಿದ್ದ. "ಕೊಡೋದಲ್ಲ, ಎರವಲು," ಎಂದಿದ್ದ. "ಜೀವಂತ ವಾಪಸ್ ಬರ್ಬೇಕು. ಅನ್ನದ ಹತ್ತಿರ, ಅಡುಗೆಮನೆ ಹತ್ತಿರ ಅದು ಹೋಗಬಾರದು. ಆ ಎಲುಬಿನ ಜಾಗದ್ದು ಅನ್ನಕ್ಕೆ ಸೋಕಿದ್ರೆ ಏನಾಗುತ್ತೆ ಅಂತ ನಾನು ನಿನಗೆ ಹೇಳ್ಬೇಕಾಗಿಲ್ಲ."

ತೂರೋವಾ ಅದನ್ನು ವರಾಂಡದಲ್ಲಿ, ನೆರಳಿನ ಮೂಲೆಯಲ್ಲಿಟ್ಟು ದಿನವೂ ಮಳೆನೀರು ಚಿಮುಕಿಸುತ್ತಿದ್ದ. ಆಮೇಲೆ ಗಂಡನ್ನು ಹುಡುಕಲು ಹೊಳೆ ದಾಟಿದ. ನಾಲ್ಕನೆಯ ದಿನ ಒಂದು ಮೈಲಿ ಕೆಳಗೆ ಮರಳ ದಿಬ್ಬದ ಮೇಲೆ ಅವನ ಹೆಣ ಸಿಕ್ಕಿತು; ಆಸ್ಪತ್ರೆಯವರು ಅದನ್ನು ಬಿಟ್ಟುಕೊಡಲು ಇನ್ನೂ ಮೂರು ದಿನ ಹಿಡಿಯಿತು.

ಹುಡುಕಾಟದ ಎರಡನೆಯ ದಿನ ವಾಯವ್ಯದ ಬಿಸಿಗಾಳಿ ಬೀಸಿ ವರಾಂಡಕ್ಕೆ ಬಿಸಿಲು ಬಿತ್ತು. ಹಾವಸೆಯ ತುದಿ ಕಂದುತ್ತಿರುವುದು ಪಿರಿಹಿರಾಳ ಕಣ್ಣಿಗೆ ಬಿತ್ತು. ನಾಲ್ಕು ವರ್ಷ ಸಸ್ಯಶಾಸ್ತ್ರ ಓದಿದ ಕೈ ತಾನಾಗಿ ಡಬ್ಬಿಯನ್ನೆತ್ತಿ ತಣ್ಣಗಿರುವ ಕಡೆ ಇಟ್ಟಿತು. ಫ್ರಿಜ್ಜಿನಲ್ಲಿ. ಬೆಣ್ಣೆಯ ಪಕ್ಕ. ಗೊತ್ತಿದ್ದೂ ಇಟ್ಟಳು. ಸಂಜೆಯವರೆಗೆ ಮಾತ್ರ ಎಂದುಕೊಂಡಳು. ಆ ಸಂಜೆ ಮತ್ತೆ ಬರಲೇ ಇಲ್ಲ.

"ಫ್ರಿಜ್ ಬಾಗಿಲು ಹಾಕೇ, ಕರೆಂಟ್ ನಿಮ್ಮಪ್ಪ ಕೊಡ್ತಾನಾ?" ಹುಹಾನಾ ಆಂಟಿ ಹಿಂದೆ ನಿಂತಿದ್ದಳು. ತೂರೋವಾನ ತಾಯಿಯ ತಂಗಿ. ಹತ್ತು ದಿನದಿಂದ ಈ ಅಡುಗೆಮನೆಯನ್ನು ಆಳಿದವಳು, ಎಲ್ಲರೂ ಹೋದ ಮೇಲೂ ಉಳಿದವಳು. ಈಗ ಚಪ್ಪಲಿ ಎಳೆದುಕೊಂಡು ಬಂದು ಇವಳ ಮುಖ ನೋಡಿದಳು. "ಏನಾಯ್ತು?"

"ಈ ಮುಚ್ಚಳದ ಡಬ್ಬಿಯಲ್ಲಿ ಬೇರೆ ಇತ್ತು, ಆಂಟಿ."

"ಮೊನ್ನೆಯಿಂದ ಮೂವತ್ತು ಡಬ್ಬಿ ತೊಳೆದಿದೀನಿ, ಮೂವತ್ತು ತುಂಬಿಸಿದೀನಿ. ಹೋಗೋವ್ರಿಗೆಲ್ಲ ಮಿಕ್ಕ ಊಟ ಕಟ್ಟಿಕೊಡ್ಬೇಡ್ವಾ? ಯಾವ ಮುಚ್ಚಳ ಯಾವ ಡಬ್ಬಿದು ಅಂತ ಯಾರಿಗೆ ಗೊತ್ತು?"

"ತೊಳೆಯುವಾಗ ಒಂದರಲ್ಲಿ ಹಸಿರು ಇತ್ತಾ? ಹಸಿ ಹಸಿರು?"

"ಸೊಪ್ಪಿತ್ತು. ಹಸಿ ಪೂಹಾ. ಸೋಸಿರ್ಲಿಲ್ಲ, ಮಣ್ಣು ಮಣ್ಣು. ಇಷ್ಟು ಸೋಮಾರಿ ಯಾರಪ್ಪ ಅಂದ್ಕೊಂಡು ಬೇರೆ ಮುಚ್ಚಳ ಹಾಕಿ ಇಟ್ಟೆ. ಮಾಕೆರೆ ಕೇಳಿದ್ಲು, ಕೊಟ್ಟೆ." ಮಾತು ನಿಂತಿತು. ಆಂಟಿ ಮುಚ್ಚಳದ ಬರಹ ಓದಿದಳು. "ಪಾರಾತೆನೆ ಕೊಟ್ಟದ್ದಾ?"

ಪಿರಿಹಿರಾ ತಲೆಯಾಡಿಸಿದಳು.

"ಅಡುಗೆಮನೇಲಿ ಯಾಕಿತ್ತು ಅದು?"

ಪಿರಿಹಿರಾ ಮುಚ್ಚಳವನ್ನು ನೆಲದ ಮೇಲೆ ಬೋರಲಿಟ್ಟಳು. ಹುಹಾನಾ ಆಂಟಿ ಇನ್ನೊಮ್ಮೆ ಕೇಳಲಿಲ್ಲ. ನೇರ ಫೋನಿನತ್ತ ನಡೆದಳು.

ಮಾಕೆರೆಯ ಮನೆಗೆ ಫೋನ್ ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು.

"ಕೋಳಿ ಹಿಂದೆ ಹೋಗಿರ್ತಾಳೆ," ಎಂದಳು ಆಂಟಿ. "ನೀನೇ ಹೋಗು. ಬೇಗ ಹೋಗು. ಅವಳು ಒಲೆ ಹಚ್ಚೋಕೆ ಮುಂಚೆ ಹೋಗು."

ಮಾಕೆರೆಯ ಮನೆ ಹನ್ನೆರಡು ಕಿಲೋಮೀಟರ್ ದೂರ, ಹೊಳೆಯ ಆಚೆ. ನಡುವೆ ಒಂದೇ ಗಾಡಿ ಹಿಡಿಸುವ ಉದ್ದದ ಸೇತುವೆ. ಪಿರಿಹಿರಾ ಹನ್ನೆರಡು ದಿನದಿಂದ ಹೊಳೆ ನೋಡಿರಲಿಲ್ಲ. ಸೇತುವೆಯ ಬಾಯಲ್ಲಿ ಕಾರು ನಿಲ್ಲಿಸಿದಳು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಆದರೂ ನಿಂತೇ ಇದ್ದಳು. ಕೆಳಗೆ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು; ಮೇಲೆ ಬೆಟ್ಟದಲ್ಲಿ ಮಳೆ ಬಿದ್ದಿರಬೇಕು. ಎರಡೂ ದಂಡೆ ಖಾಲಿ. ಮರಿಮೀನಿನ ಕಾಲ ಇದು. ಬೇರೆ ವರ್ಷವಾದರೆ ಈ ಹೊತ್ತಿಗೆ ಮಾರಿಗೊಬ್ಬರು ಬಲೆ ಹಿಡಿದು ನಿಂತಿರುತ್ತಿದ್ದರು. ತೂರೋವಾ ಹೋದ ದಿನವೇ ಕೊರೊ ಹೊಳೆ ಮುಚ್ಚಿದ್ದ. ಸತ್ತವನು ಮುಳುಗಿದ ನೀರಿನಿಂದ ಯಾರೂ ಏನನ್ನೂ ಹಿಡಿಯುವಂತಿಲ್ಲ, ತಿನ್ನುವಂತಿಲ್ಲ. ಇವತ್ತು ಎರವಲು ವಾಪಸಾದ ಮೇಲೆ ತೆರೆಯುತ್ತೇನೆ ಎಂದಿದ್ದ. ಊರೆಲ್ಲ ಬಲೆ ಸರಿಮಾಡಿಕೊಂಡು ಕಾಯುತ್ತಿತ್ತು.

ಎರವಲು ಸತ್ತಿದ್ದರೆ? ಮೊದಲು ತೂರೋವಾ. ಮುಂದೆ ಯಾರು?

ಅವಳು ಇದನ್ನು ನಂಬುವವಳಲ್ಲ. ವಿಶ್ವವಿದ್ಯಾಲಯದ ಊಟದ ಕೋಣೆಯಲ್ಲಿ ಇಂಥ ಮಾತಿಗೆ ನಕ್ಕವಳು. ಆದರೂ ಕಾಲನ್ನು ಬ್ರೇಕಿನಿಂದ ತೆಗೆಯಲಿಲ್ಲ. ಹಿಂದೆ ಹಾಲಿನ ಲಾರಿಯೊಂದು ಬಂದು ಹಾರನ್ ಹೊಡೆಯಿತು. ಕಣ್ಣು ಮುಂದಿನ ಹಲಗೆಗಳ ಮೇಲೇ ನೆಟ್ಟು ಸೇತುವೆ ದಾಟಿದಳು. ದಾಟಿದ ಮೇಲೆ ನೋಡಿದರೆ ಎಡಗೈ ಗೇರಿಗೆ ಅಂಟಿಕೊಂಡಿತ್ತು, ಬಿಡಿಸಿಕೊಳ್ಳಬೇಕಾಯಿತು.

ಮಾಕೆರೆಯ ಮನೆಯ ಹೊಗೆ ಕೊಳವೆಯಿಂದ ಹೊಗೆ ಬರುತ್ತಿತ್ತು.

"ಬಾರೇ ಬಾ," ಎಂದು ಮಾಕೆರೆ ಬಾಗಿಲಲ್ಲೇ ತಬ್ಬಿಕೊಂಡಳು. ಎಪ್ಪತ್ತರ ಹತ್ತಿರದ ಹೆಂಗಸು, ಹುಹಾನಾಳ ಹಳೆಯ ಗೆಳತಿ, ಹಳೆಯ ಶತ್ರು. "ಒಬ್ಬಳೇ ಬಂದ್ಯಾ? ಹುಹಾನಾ ಏನ್ ಮಾಡ್ತಿದಾಳೆ, ನನ್ನ ಕೇಕ್ ಗಟ್ಟಿಯಾಗಿತ್ತು ಅಂತ ಊರಿಗೆಲ್ಲ ಹೇಳ್ತಾ ಇದಾಳಾ?"

"ಆಂಟಿ, ನಿನ್ನೆ ಒಯ್ದ ಸೊಪ್ಪಿನ ಡಬ್ಬಿ ಎಲ್ಲಿ?"

"ಅದಾ! ನಿಮ್ಮ ಆಂಟಿಗೆ ಹೇಳು, ನಾಯಿಗೂ ಬೇಡದ ಸೊಪ್ಪು ಕಟ್ಟಿ ಕೊಟ್ಟಿದಾಳೆ. ಮೂರು ಸಲ ನೀರು ಬಸಿದೆ ಕಣೇ, ಕಹಿ ಹೋಗ್ಲೇ ಇಲ್ಲ. ಖಾರ ಬೇರೆ. ನಾಲಿಗೆ ಇನ್ನೂ ಚುರುಚುರು ಅಂತಿದೆ."

ಒಲೆಯ ಮೇಲೆ ದೊಡ್ಡ ಅಲ್ಯುಮಿನಿಯಂ ಪಾತ್ರೆ. ಪಿರಿಹಿರಾ ಹತ್ತಿರ ಹೋಗಿ ಬಗ್ಗಿ ನೋಡಿದಳು. ಕಪ್ಪಾದ ನೀರಿನಲ್ಲಿ ಮಾಂಸದ ತುಂಡುಗಳ ನಡುವೆ ಕಂದು ದಾರಗಳ ಹಾಗೆ ತೇಲುತ್ತಿದ್ದವು. ಎರಡು ಸಾಲಿನ ಎಲೆ ಇನ್ನೂ ಗುರುತು ಸಿಗುತ್ತಿತ್ತು.

"ತಿಂದ್ರಾ?"

"ಎರಡು ಚಮಚ. ಯಾಕೇ?"

"ಎಲ್ಲಾ ಹಾಕಿದ್ರಾ?"

"ಅರ್ಧ. ಮಿಕ್ಕದ್ದನ್ನ ಕೋಳಿಗೆ ಹಾಕೋಣ ಅಂತ ಡಬ್ಬಿ ಸಮೇತ ಹೊರಗಿಟ್ಟೆ. ಕೋಳಿ ಕೂಡ ಮೂಗು ಮುರೀತು. ಯಾಕೆ ಹೀಗೆ ಬಿಳಿಚ್ಕೊಂಡೆ? ವಿಷಾನಾ?"

"ವಿಷ ಅಲ್ಲ." ಪಿರಿಹಿರಾ ಒಲೆ ಆರಿಸಿದಳು. "ಸೊಪ್ಪೂ ಅಲ್ಲ. ತೂರೋವಾ ತಂದಿದ್ದ ಹಾವಸೆ. ಗುಹೆ ಹತ್ತಿರದ ದಿಮ್ಮಿಯದು."

ಮಾಕೆರೆ ಮೊದಲು ನಕ್ಕಳು. ಆಮೇಲೆ ನಗು ಬಾಯಲ್ಲೇ ಉಳಿದು ಕಣ್ಣು ಬದಲಾಯಿತು. ಕುರ್ಚಿ ಎಳೆದು ಕೂತು ಏಪ್ರನ್ನಿನ ಅಂಚಿನಿಂದ ನಾಲಿಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

"ನಮ್ಮಜ್ಜಿ ಇದಾಳೆ ಅಲ್ಲಿ," ಎಂದಳು ಮೆಲ್ಲಗೆ. "ಆ ಗುಹೇಲಿ."

ಪಿರಿಹಿರಾ ಹೊರಗೆ ಓಡಿದಳು. ಡಬ್ಬಿ ಕೋಳಿಗೂಡಿನ ಪಕ್ಕ ಮಗುಚಿ ಬಿದ್ದಿತ್ತು. ಅಂಗೈಯಗಲದ ಒಂದು ತುಂಡು, ಕೆಳಗಿನ ಕೊಳೆತ ಮರದ ಹುಡಿ ಸಮೇತ, ಕೆಸರಿನಲ್ಲಿ ಬಿದ್ದಿತ್ತು. ಕುತ್ತಿಗೆಯ ದಾರದಲ್ಲಿ ಸದಾ ಇರುತ್ತಿದ್ದ ಮಸೂರ ಹಿಡಿದು ನೋಡಿದಳು. ಅಂಚು ಸುಟ್ಟ ಹಾಗೆ ಒಣಗಿತ್ತು. ಒಳಗೆ ಎಲೆಗಳು ಮಡಿಕೆ ಬಿಡಿಸಿಕೊಂಡು ಹಸಿರಾಗಿ ನಿಂತಿದ್ದವು. ತೊಟ್ಟಿಯ ಮಳೆನೀರು ಅಂಗೈಯಲ್ಲಿ ಹಿಡಿದು ಚಿಮುಕಿಸಿದಳು.

ಮಾಕೆರೆ ಹಿಂದೆ ಬಂದು ನಿಂತಿದ್ದಳು. "ಬದುಕಿದೆಯಾ?"

"ಇಷ್ಟು ಬದುಕಿದೆ."

"ಹಾಗಾದ್ರೆ ಸರಿ. ಇಷ್ಟನ್ನೇ ಕೊಡು. ಪಾರಾತೆನೆ ಏನು ಅಳತೆಕೋಲು ಹಿಡ್ಕೊಂಡು ಕೂತಿದಾನಾ? ಎಷ್ಟು ಒಯ್ದಿದ್ದ ಅಂತ ತೂರೋವಾನಿಗೆ ಮಾತ್ರ ಗೊತ್ತು, ಅವನು ಹೇಳೋಕೆ ಬರಲ್ಲ." ಮಾಕೆರೆ ಅವಳ ತೋಳು ಹಿಡಿದಳು. "ಹೇಳ್ಬೇಡ ಮಗಳೇ. ಕರಾವಳಿ ಪೂರ್ತಿ ನಗ್ತಾರೆ. ಸಾವಿನ ಮನೆಯಿಂದ ಕಟ್ಟಿಸ್ಕೊಂಡು ಹೋಗಿ ಅಜ್ಜಿ ಸಮಾಧಿ ತಿಂದ್ಲು ಅಂತ ನಾನು ಸಾಯೋವರೆಗೂ ಆಡ್ಕೋತಾರೆ."

"ನಿಮಗೇನಾದ್ರೂ ಆದ್ರೆ?"

"ಆದ್ರೆ ಆಯ್ತು."

ಆದರೆ ಹಾಗೆಂದ ಬಾಯಿಯನ್ನು ಮತ್ತೆ ಏಪ್ರನ್ನಿನಿಂದ ಒರೆಸಿಕೊಂಡಳು.

ಪಿರಿಹಿರಾಳಿಗೂ ಅದೇ ಬೇಕಿತ್ತು. ಸುಮ್ಮನಿದ್ದುಬಿಡಬಹುದು. ಅಂಗೈಯಗಲವೋ ಎರಡು ಅಂಗೈಯಗಲವೋ ಯಾರು ಕೇಳುತ್ತಾರೆ? ಅಡುಗೆಮನೆಯ ಮಾತೂ ಬೇಕಾಗಿಲ್ಲ, ಫ್ರಿಜ್ಜಿನ ಮಾತೂ ಬೇಕಾಗಿಲ್ಲ. ಆದರೆ ತಪು ಸೋಕಿದವರ ಮೈಮೇಲಿಂದ ಅದನ್ನು ಬಿಡಿಸಬಲ್ಲವನು ಕೊರೊ ಒಬ್ಬನೇ. ಅವನಿಗೆ ಹೇಳದೆ ಬಿಟ್ಟರೆ ಈ ಹೆಂಗಸು ಪ್ರತಿ ಕೆಮ್ಮಿಗೂ ಪ್ರತಿ ಎದೆನೋವಿಗೂ ಹೆದರುತ್ತ ಬದುಕಬೇಕು. ಹೆದರಿಯೇ ಸತ್ತವರನ್ನು ಈ ಕರಾವಳಿ ಕಂಡಿದೆ. ಒಂದು ಸಾವು ತನ್ನ ಮನೆಯಿಂದ ಹೋಗಿಯಾಗಿದೆ.

"ಕಾರು ಹತ್ತಿ ಆಂಟಿ," ಎಂದಳು. "ಪಾತ್ರೆನೂ ತಗೊಳ್ಳಿ."

"ಅದು ನಮ್ಮಮ್ಮನ ಪಾತ್ರೆ!"

"ತಗೊಳ್ಳಿ."

ಅವರು ಮನೆ ಮುಟ್ಟಿದಾಗ ಕೊರೊನ ಹಳೆಯ ಪಿಕ್‌ಅಪ್ ಆಗಲೇ ಗೇಟಿನ ಹೊರಗೆ ನಿಂತಿತ್ತು. ಅವನು ಕರಿಯ ಕೋಟು ಹಾಕಿಕೊಂಡು ಮೆಟ್ಟಿಲ ಹತ್ತಿರ ಕೋಲೂರಿ ನಿಂತಿದ್ದ. ಹುಹಾನಾ ಆಂಟಿ ಚಹಾ ಹಿಡಿದು ನಿಂತಿದ್ದಳು, ಅವನು ಮುಟ್ಟಿರಲಿಲ್ಲ.

ಪಿರಿಹಿರಾ ಡಬ್ಬಿಯನ್ನು ಹುಲ್ಲಿನ ಮೇಲಿಟ್ಟು ಹೇಳಿದಳು. ವರಾಂಡದ ಬಿಸಿಲು, ಫ್ರಿಜ್ಜು, ಬೆಣ್ಣೆ, ಮುಚ್ಚಳ, ಪಾತ್ರೆ. ತನ್ನ ದನಿ ದೂರದಿಂದ ಬರುತ್ತಿರುವಂತೆ ಕೇಳಿಸಿತು. ಮಾಕೆರೆ ಕಾರಿನಿಂದ ಇಳಿಯಲೇ ಇಲ್ಲ.

ಕೊರೊ ಬಗ್ಗಿ ಡಬ್ಬಿಯೊಳಗೆ ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತ. ಅವನು ಬೈಯಲಿ ಎಂದು ಪಿರಿಹಿರಾ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಡುಗೆಮನೇಲಿ ಇಡ್ಬೇಡ ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು, ಕೊರೊ."

"ಕೊಡಬಾರದು ಅಂತ ನನಗೂ ಗೊತ್ತಿತ್ತು." ಅವನು ಕೋಲಿನ ತುದಿ ನೋಡುತ್ತಿದ್ದ. "ಆರು ತಿಂಗಳು ಬೇಡ ಅಂದೆ. ಹುಡುಗ ಬಂದು ಕೂತು ಕೂತು ಕೇಳ್ದ. ಆ ಹಾವಸೆ ಕಥೆ ಎಷ್ಟು ಚೆನ್ನಾಗಿ ಹೇಳ್ತಿದ್ದ ಅಂದ್ರೆ, ಹೆಣ್ಣು ಇಲ್ಲಿ, ಗಂಡು ಎಲ್ಲೋ ಅಂತ, ನನಗೂ ನೋಡೋಣ ಅನ್ನಿಸ್ತು. ಕೊಟ್ಟೆ. ಆರನೇ ದಿನ ಹೊಳೆ ಅವನನ್ನ ತಗೊಳ್ತು." ಸ್ವಲ್ಪ ನಿಂತು ಹೇಳಿದ: "ಹೊಳೆ ಮುಚ್ಚಿದೆ ಅಂತ ಗುರುತಿನ ಕಂಬ ಎಲ್ಲಿ ನೆಟ್ಟಿದೀನಿ ಗೊತ್ತಾ? ರಸ್ತೆ ಪಕ್ಕ. ನೀರಿನ ಹತ್ತಿರ ಇಳೀಲೇ ಇಲ್ಲ ನಾನು. ಎಪ್ಪತ್ತೊಂಬತ್ತು ವಯಸ್ಸು. ಕಾಲು ಬರ್ಲಿಲ್ಲ."

ಹುಹಾನಾ ಆಂಟಿ ಚಹಾದ ಬಟ್ಟಲನ್ನು ಒಳಗೆ ಒಯ್ದಳು.

ಕೊರೊ ಎದ್ದ. ಕಾರಿನ ಹತ್ತಿರ ಹೋಗಿ ಗಾಜು ತಟ್ಟಿದ. "ಇಳಿಯೇ ಮಾಕೆರೆ. ರುಚಿಯಾಗಿತ್ತಾ?"

"ಥೂ," ಎಂದಳು ಮಾಕೆರೆ ಒಳಗಿಂದಲೇ, ಅಳುತ್ತ.

"ಶಾಲೇಲಿ ನನ್ನ ಊಟದ ಡಬ್ಬಿನೂ ಹೀಗೇ ಖಾಲಿ ಮಾಡ್ತಿದ್ದೆ ನೀನು. ಇಳಿ."

ಪಾತ್ರೆಯಲ್ಲಿದ್ದದ್ದನ್ನು ಮನೆಯ ಹಿಂದೆ ಆಳವಾಗಿ ಹೂಳಿಸಿದ. ಬೆಂದದ್ದು ದಿಮ್ಮಿಯ ಹತ್ತಿರ ಬರಕೂಡದು ಎಂದ. ಪಾತ್ರೆಯೂ ಇನ್ನು ಒಲೆ ಹತ್ತಬಾರದು ಎಂದಾಗ ಮಾಕೆರೆ ಅದರ ಅಂಚನ್ನು ಒಮ್ಮೆ ಸವರಿದಳು. ಆಮೇಲೆ ಹುಹಾನಾ ಆಂಟಿಯನ್ನು ಮನೆಯಲ್ಲಿ ಬಿಟ್ಟು ಮೂವರೂ ಹೊಳೆಗೆ ಹೋದರು.

ಕಂಬದ ಹತ್ತಿರ ಕೊರೊ ನಿಂತ. ಒಂದು ಕ್ಷಣ ಪಿರಿಹಿರಾಳಿಗೆ ಅವನು ಇವತ್ತೂ ಇಳಿಯುವುದಿಲ್ಲ ಅನ್ನಿಸಿತು. ಅವನು ಮಾಕೆರೆಯ ಕೈ ಹಿಡಿದುಕೊಂಡ, ಅವಳಿಗೆ ಆಸರೆಯೋ ತನಗೆ ಆಸರೆಯೋ, ಇಬ್ಬರೂ ಮೆಲ್ಲಗೆ ನೀರಿನವರೆಗೆ ಇಳಿದರು. ಅವನು ಹಳೆಯ ಮಾತುಗಳನ್ನು ಹೇಳುತ್ತ ಅವಳ ತಲೆಗೆ, ಬಾಯಿಗೆ ನೀರು ಚಿಮುಕಿಸಿದ. ಆಮೇಲೆ ಪಿರಿಹಿರಾಳ ಕೈಗಳಿಗೆ. ನೀರು ಮಂಜುಗಡ್ಡೆಯ ಹಾಗಿತ್ತು.

"ಮುಂದೆ ನೀನೇ ಹೋಗ್ಬೇಕು," ಎಂದ. "ತಂದವನ ಮನೆಯವಳು ನೀನು. ಇಡುವಾಗ ಯಾರು ತಂದಿದ್ರು, ಎಷ್ಟು ತಂದಿದ್ರು, ಎಷ್ಟು ವಾಪಸ್ ಅಂತ ಹೇಳು. ಮುಚ್ಚಿಡ್ಬೇಡ. ನೀನು ಇಳಿದು ಬಂದ ಮೇಲೆ ಕಂಬ ಕಿತ್ತು ಹೊಳೆ ತೆರೀತೀನಿ."

ದಿಮ್ಮಿ ಇರುವುದು ನೂರು ಹೆಜ್ಜೆ ಮೇಲೆ, ದಂಡೆಯ ಕೊರಕಲಿನಲ್ಲಿ. ಜರಿಗಿಡಗಳ ನಡುವೆ ಒಬ್ಬಳೇ ನಡೆದಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡಿದ್ದಳು. ಎಡಕ್ಕೆ ಹೊಳೆ. ನೀರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು: ತಳದಲ್ಲಿ ಬಂಡೆಗಳು ಉರುಳಿ ಒಂದಕ್ಕೊಂದು ಬಡಿಯುವ ಸದ್ದು. ಅವನೂ ಅದನ್ನು ಕೇಳಿರಬೇಕು. ನೀರೊಳಗಿದ್ದು ಕೇಳಿದರೆ ಅದು ಹೇಗಿರುತ್ತದೆ ಎಂದು ತಲೆ ಕೇಳಿತು. ನಿಲ್ಲಬೇಡ ಎಂದು ಕಾಲಿಗೆ ಹೇಳಿದಳು. ಎರಡು ಕಡೆ ಜಾರಿದಳು. ಎರಡನೆಯ ಸಲ ಮೊಣಕಾಲೂರಿ ಬಿದ್ದಾಗ ಡಬ್ಬಿ ಕೈಯಲ್ಲೇ ಇತ್ತು. ಗುಹೆಯ ಬಾಯಿ ಇರುವ ಕಡೆ ನೋಡಲಿಲ್ಲ. ಯಾರೋ ಅಲ್ಲಿಂದ ನೋಡುತ್ತಿರುವ ಹಾಗೆ ಬೆನ್ನು ಬಿಗಿದಿತ್ತು.

ದಿಮ್ಮಿಯ ಬದಿಯಲ್ಲಿ ಅವನು ಕತ್ತರಿಸಿದ ಗುರುತು ಇನ್ನೂ ಇತ್ತು. ಚಾಕುವಿನ ನೇರ ಅಂಚು, ಒಳಗೆ ಬೋಳು ಕೆಂಪು ಮರ. ಸುತ್ತ ಎಲ್ಲ ಹೆಣ್ಣು ಗಿಡ, ಒಂದರ ಮೇಲೊಂದು, ಮಳೆಹನಿ ಹೊತ್ತುಕೊಂಡು.

ತುಂಡನ್ನು ಬೋಳಿನ ಮೇಲಿಟ್ಟಳು. ಅರ್ಧ ತುಂಬಿತು. ಜರಿಯ ಕಡ್ಡಿ ಮುರಿದು ನಾಲ್ಕು ಕಡೆ ಚುಚ್ಚಿ ನಿಲ್ಲಿಸಿದಳು. ಒಂದು ಕಡ್ಡಿ ಕೆಳಗೆ ಬಿತ್ತು, ಇನ್ನೊಂದು ಮುರಿದಳು. ಕೆಳಗಿಂದ ಕೊರೊನ ದನಿ ಕೇಳಿಸುತ್ತಿರಲಿಲ್ಲ. ಬಂಡೆಗಳ ಸದ್ದು ಮಾತ್ರ.

"ತೂರೋವಾ ತಂದಿದ್ದ," ಎಂದಳು. ಹನ್ನೆರಡು ದಿನದಿಂದ ಆ ಹೆಸರನ್ನು ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ. "ಎರಡು ಅಂಗೈಯಷ್ಟು. ಒಂದು ಅಂಗೈಯಷ್ಟು ವಾಪಸ್ ತಂದಿದೀನಿ. ಮಿಕ್ಕದ್ದು ನನ್ನಿಂದ ಹಾಳಾಯ್ತು. ಅವನಿಂದ ಅಲ್ಲ. ಮಾಕೆರೆಯಿಂದಾನೂ ಅಲ್ಲ."

ಹಾವಸೆಯನ್ನು ಎರಡೂ ಕೈಯಿಂದ ಮರಕ್ಕೆ ಒತ್ತಿ ಹಿಡಿದಳು. ಒದ್ದೆ ಎಲೆಗಳು ಬೆರಳ ಸಂದಿಯಲ್ಲಿ ತಣ್ಣಗಿದ್ದವು. ಎಷ್ಟು ಹೊತ್ತು ಹಾಗೆ ಹಿಡಿದಿದ್ದಳೋ. ಆಮೇಲೆ ಒಂದು ಕೈ ತೆಗೆದಳು, ಇನ್ನೊಂದನ್ನೂ ತೆಗೆದಳು. ಅದು ಬೀಳಲಿಲ್ಲ. ಖಾಲಿ ಡಬ್ಬಿ ಎತ್ತಿಕೊಂಡು, ಹಿಂದೆ ತಿರುಗಿ ನೋಡದೆ, ಬಂದ ದಾರಿಯಲ್ಲಿ ಬೇಗ ಬೇಗ ಇಳಿಯತೊಡಗಿದಳು.